ಹಿಂದಿನ ಸೀಟು ಖಾಲಿ ಇದೆ

ಹಲೋ... ಹಾಂ, ಹಲೋ. ಯಾರು ಮಾತಾಡ್ತಿರೋದು?...

ಯಾರು?... ಸ್ವಲ್ಪ ಜೋರಾಗಿ ಹೇಳಿ, ರಸ್ತೆ ಮೇಲಿದ್ದೀನಿ. ಪಕ್ಕದಲ್ಲೇ ಹಿಟ್ಟಿನ ಗಿರಣಿ ಓಡ್ತಾ ಇದೆ...

ಓ, ನೀನಾ ಕಂಡಕ್ಟರೇ. ಇದ್ಯಾರ ನಂಬರಯ್ಯ? ಯಾರೋ ಇನ್ಶೂರೆನ್ಸಿನವರು ಅಂದ್ಕೊಂಡು ದನಿ ಗಂಭೀರ ಮಾಡ್ಕೊಂಡಿದ್ದೆ...

ಕಟಿಂಗ್ ಶಾಪಿನವನದ್ದಾ?... ಹಾಂ, ಹಾಂ. ಶೇವಿಂಗ್‌ಗೆ ಕೂತಿದ್ದೀಯಾ. ಒಂದು ಕೆನ್ನೆ ಆಗಿದೆ, ಇನ್ನೊಂದಕ್ಕೆ ಸೋಪು ಹಚ್ಚಿದೆ, ಅಷ್ಟರಲ್ಲಿ ಅವನ ಫೋನು ಕಿತ್ಕೊಂಡು ಮಾತಾಡೋವಂಥದ್ದು ಏನಾಯ್ತಯ್ಯ?...

ಏನಂದ ಅವನು?... ನಾನಾ?... ಸ್ಟಾಪಲ್ಲಿ?... ಕಲ್ಲಿನ ಹಾಗೆ ನಿಂತಿದ್ನಂತಾ? ಅವನಿಗೆ ಕತ್ತರಿಗಿಂತ ನಾಲಿಗೆ ಚುರುಕು. ನಿಂತಿದ್ದೆ ನಿಜ. ಕಲ್ಲಿನ ಹಾಗೆ ಏನಲ್ಲ...

ನಗಬೇಡ. ಸೋಪು ಬಾಯಿಗೆ ಹೋಗುತ್ತೆ. ಹೇಳ್ತೀನಿ, ಎಲ್ಲಾ ಹೇಳ್ತೀನಿ, ನಡುವೆ ಬಾಯಿ ಹಾಕಬೇಡ...

ಹೌದು, ಬ್ಯಾಟರಿ ಸೈಕಲ್ ತಗೊಂಡೆ... ಹೌದು, ಈ ವಯಸ್ಸಲ್ಲಿ. ಯಾಕೆ, ಸೈಕಲ್ ಅಂಗಡೀಲಿ ವಯಸ್ಸು ಕೇಳಿ ಒಳಗೆ ಬಿಡ್ತಾರಾ?... ನಿನಗೆ ಹೇಳಬಾರದು ಅಂತಲ್ಲ. ಗಾಡಿ ಪೂರ್ತಿ ಕೈಗೆ ಬರಲಿ, ಆಮೇಲೆ ಹೇಳೋಣ ಅಂತಿದ್ದೆ. ಈ ಊರಲ್ಲಿ ಗುಟ್ಟು ಇಟ್ಕೊಳ್ಳೋಕಾಗುತ್ತಾ...

ಸ್ಟಾಪಿನ ವಿಷಯಾನಾ? ನೀನೇ ಯೋಚನೆ ಮಾಡು. ಇಷ್ಟು ವರ್ಷ ಈ ಗುಡ್ಡದ ರೂಟಲ್ಲಿ ನಾನು ಬಸ್ಸು ಓಡಿಸಿದೆ, ನೀನು ಹಿಂದೆ ನಿಂತು ಸೀಟಿ ಊದಿದೆ. ನಿನ್ನ ಸೀಟಿ ಕೇಳದೆ ಯಾವತ್ತಾದ್ರೂ ಗಾಡಿ ಎತ್ತಿದ್ದೀನಾ?... ಅಲ್ವಾ? ರಿಟೈರ್ ಆಗಿದ್ದೀವಿ ಅಂತ ತಲೆಗೆ ಗೊತ್ತು. ಕೈಗೆ ಯಾರು ಹೇಳೋರು? ಮಜವಾಗಿ ಬರ್ತಿರ್ತೀನಿ, ಸ್ಟಾಪಿನ ಕಂಬ ಕಾಣುತ್ತೆ, ಕೈ ತಾನಾಗೇ ಬ್ರೇಕ್ ಹಿಡಿಯುತ್ತೆ. ನಿಂತ್ಕೋತೀನಿ. ಆಮೇಲೆ... ಆಮೇಲೆ ಏನು, ಕಾಯ್ತೀನಿ...

ಯಾತಕ್ಕೆ ಅಂದ್ರೆ? ಸೀಟಿಗೆ ಕಣಯ್ಯ...

ಅವನಿಗೂ ಕೇಳಿಸ್ತಾ? ಅದ್ಯಾಕೆ ಅಷ್ಟು ನಗ್ತಿದ್ದಾನೆ? ಕೈಯಲ್ಲಿ ಕತ್ತಿ ಇದೆ, ಹುಷಾರು ಅನ್ನು...

ಮತ್ತೇನು, ಯಾರಾದ್ರೂ ಹಿಂದಿನಿಂದ ಹಾರ್ನ್ ಹೊಡೀತಾರೆ, ಬೆಚ್ಚಿಬಿದ್ದು ಹೊರಡ್ತೀನಿ. ಹೊಡೆಯೋರು ಸಿಗದಿದ್ರೆ ತಡ ಆಗುತ್ತೆ... ಈಗಲೂ ಸ್ಟಾಪಲ್ಲೇ ಇದ್ದೀನಿ. ಗಿರಣಿ ಸ್ಟಾಪು. ಅದಕ್ಕೇ ನಿನ್ನ ಫೋನು ಎತ್ತೋಕಾಗಿದ್ದು. ಓಡಿಸೋವಾಗ ನಾನು ಫೋನು ಮುಟ್ಟಲ್ಲ, ನಿನಗೆ ಗೊತ್ತು...

ಎಲ್ಲಿಗೆ ಹೊರಟಿದ್ದೀನಾ? ನಿನ್ನ ಹತ್ರಾನೇ. ನಿನ್ನನ್ನ ಕರ್ಕೊಂಡು ಹೋಗೋಕೆ. ಮೇಲಿನ ಶೆಡ್ಡಿಗೆ...

ಗೊತ್ತು. ಹೇಳಿ ಕಳಿಸಿದ್ದು ಮುಟ್ಟಿದೆ. ಇದೇ ಕಟಿಂಗ್ ಶಾಪಿನವನೇ ಬಂದು ಹೇಳಿದ. ಇನ್ಮೇಲೆ ನಾನು ಗುಡ್ಡ ಹತ್ತಲ್ಲ, ನನ್ನ ಸೀಟು ಬೇರೆ ಯಾರಿಗಾದ್ರೂ ಕೊಟ್ಬಿಡಿ ಅಂದ್ಯಂತೆ. ಕೊಟ್ಬಿಡೋಕೆ ಅದೇನು ಹಳೇ ಛತ್ರೀನಾ? ನಮ್ಮ ಬಸ್ಸು ಗುಜರಿಗೆ ಹೋಗೋವಾಗ ಬಾಗಿಲ ಪಕ್ಕದ ನಿನ್ನ ಒಂಟಿ ಸೀಟು ಕಿತ್ತು ಶೆಡ್ಡಿಗೆ ತಂದು ಹಾಕಿದ್ದು ಯಾರು? ನಾನು. ಯಾಕೆ? ರಿಟೈರ್ ಆದೋರೆಲ್ಲಾ ಬೆಳಿಗ್ಗೆ ಅಲ್ಲಿ ಕೂತು ಟೀ ಕುಡಿಯೋವಾಗ ನೀನು ಅದರ ಮೇಲೇ ಕೂರಬೇಕು ಅಂತ...

ಯಾರಿಗೆ ಕೊಡಬೇಕು ಹೇಳು. ಟೈಂ ಕೀಪರ್‌ಗಾ? ಅವನು ಆಗಲೇ ದಿಂಬು ತಂದಿದ್ದಾನೆ ಕಣಯ್ಯ... ದಿಂಬು. ಹೂವಿನ ಚಿತ್ರ ಇರೋದು. ನಿನ್ನ ಸೀಟಿನ ಮೇಲಿಟ್ಟು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಾನೆ. ನಮ್ಮ ಬಸ್ಸು ಒಂದು ಗಳಿಗೆ ತಡ ಆದ್ರೆ ನಮ್ಮ ಕಿವಿ ಹಿಂಡ್ತಿದ್ದೋನು, ಅವನು ನಿನ್ನ ಸೀಟಲ್ಲಿ ಕೂತು ಟೀ ಹೀರೋದನ್ನ ನಾನು ನೋಡಬೇಕಾ? ಇವತ್ತಿನ ಟೀ ಆಗೋವರೆಗೆ ಕಾಯಪ್ಪ, ಅಷ್ಟರಲ್ಲಿ ಕಂಡಕ್ಟರನ್ನ ಕರ್ಕೊಂಡು ಬರ್ತೀನಿ ಅಂತ ಹೇಳಿ ಬಂದಿದ್ದೀನಿ...

ನಿನ್ನ ಮಂಡಿ ಹೆಂಗಿದೆ ಅಂತ ನನಗೆ ಗೊತ್ತಿಲ್ವಾ? ಅದಕ್ಕೇ ಅಲ್ವಾ ಈ ಸೈಕಲ್ಲು. ನೀನು ಶೆಡ್ಡಿಗೆ ಬರೋದು ನಿಲ್ಲಿಸಿದ್ಮೇಲೇ ನಾನು ಸೈಕಲ್ ಅಂಗಡಿಗೆ ಹೋಗಿದ್ದು. ಎರಡನ್ನೂ ಸೇರಿಸಿ ಯೋಚನೆ ಮಾಡು...

ಒಂದ್ನಿಮಿಷ. ಇರು, ಇರು. ಹಿಂದೆ ಯಾರೋ ಕೂತ ಹಾಗಾಯ್ತು... ಅಜ್ಜಿ, ಇದು ಬಸ್ಸಲ್ಲ ಅಜ್ಜಿ... ಇಲ್ಲ, ಬಸ್ಸು ಈಗ ಗುಡ್ಡ ಸುತ್ತಿಕೊಂಡು ಹೊಸ ರಸ್ತೇಲಿ ಹೋಗುತ್ತೆ. ಇದು ನನ್ನ ಸೈಕಲ್ಲು... ಹೌದು, ಅದೇ ಡ್ರೈವರ್ರು ನಾನು. ಮುಖ ಅದೇ, ಗಾಡಿ ಬೇರೆ...

ಕಂಡಕ್ಟರೇ, ಕೇಳಿಸ್ತಾ? ನಮ್ಮ ಹಳೇ ಪ್ಯಾಸೆಂಜರ್ರು. ಕೋಳಿ ಬುಟ್ಟಿ ತಗೊಂಡು ಕಿಟಕಿ ಪಕ್ಕ ಕೂರ್ತಿದ್ರಲ್ಲ... ಹಾಂ, ಅವರೇ. ಸ್ಟಾಪಲ್ಲಿ ನಿಂತಿದ್ದೀಯಲ್ಲ, ಮತ್ತೆ ಹತ್ತದೆ ಏನು ಮಾಡ್ಲಿ ಅಂತಿದ್ದಾರೆ. ಅದೂ ಸರೀನೇ... ಇರಲಿ ಬಿಡು, ಕೂತಿರಲಿ. ಸ್ಟ್ಯಾಂಡ್ ಹಾಕಿದ್ದೀನಿ...

ಇವತ್ತು ಕೋಳಿ ಇಲ್ಲ. ಬರೀ ಬುಟ್ಟಿ...

ಯಾವ ಥರದ ಸೈಕಲ್ಲಾ? ಹಾಂ, ಅದನ್ನ ಕೇಳು. ಮನೆ ಕಟ್ಟೋವಾಗಲೂ ನಾನು ಇಷ್ಟು ತಲೆ ಕೆಡಿಸ್ಕೊಂಡಿರಲಿಲ್ಲ. ಅಂಗಡೀಲಿ ಒಬ್ಬ ಹುಡುಗಿ ಇದ್ದಾಳೆ, ಬಲು ತಾಳ್ಮೆ ಅವಳಿಗೆ. ಮೊದಲು ಒಂದು ತೆಳ್ಳನೆಯದು ಕೊಟ್ಟಳು. ನೋಡೋಕೆ ಚೆಂದ, ಮೋಟಾರು ಹಿಂದಿನ ಚಕ್ರದ ನಡುಮಧ್ಯೆ. ಸಮತಟ್ಟು ರಸ್ತೇಲಿ ಗಾಳಿ ಥರ ಹೋಯ್ತು. ನಾನು ಅಷ್ಟಕ್ಕೇ ಬಿಡ್ತೀನಾ, ಗುಡ್ಡಕ್ಕೆ ತಿರುಗಿಸಿದೆ. ನೀರಿನ ಟ್ಯಾಂಕಿನ ಏರು ಇದೆಯಲ್ಲ, ನಮ್ಮ ಬಸ್ಸೇ ಅಲ್ಲಿ ಫಸ್ಟ್ ಗೇರಲ್ಲಿ ಅಳ್ತಿತ್ತಲ್ಲ, ಅಲ್ಲಿ ಇದು ಕೈ ಎತ್ತಿಬಿಡ್ತು. ಮೋಟಾರು ಮುಟ್ಟಿದ್ರೆ ರೊಟ್ಟಿ ಬೇಯಿಸಬಹುದಿತ್ತು. ಇಳಿದು ತಳ್ಕೊಂಡು ವಾಪಸ್ ಬಂದೆ...

ಇಲ್ಲಯ್ಯ, ಎರಡನೇದರ ಕಥೆಯೇ ಬೇರೆ. ದಪ್ಪ ಟೈರು, ಎಮ್ಮೆ ಥರ ಮೈ. ಹತ್ತೋದೇನೋ ಹತ್ತಿತು. ಮನೆ ಮೆಟ್ಟಿಲು ಮಾತ್ರ ಅದು ಹತ್ತಲ್ಲ, ಅಲ್ಲಿ ನಾವೇ ಎತ್ತಬೇಕು. ನಾನು ಮುಂದೆ ಹಿಡಿದೆ, ನಮ್ಮನೆಯವಳು ಹಿಂದೆ ಹಿಡಿದಳು. ಬಾಗಿಲಲ್ಲಿ ಸಿಕ್ಕಿಹಾಕ್ಕೊಂಡಿತು. ಒಳಗೂ ಬರಲ್ಲ, ಹೊರಗೂ ಹೋಗಲ್ಲ. ನಾನು ಒಳಗೆ, ಅವಳು ಹೊರಗೆ. ಇದು ಮನೆಯೊಳಗೆ ಬಂದ್ರೆ ನೀವು ಹೊರಗೆ ಮಲಗಬೇಕಾಗುತ್ತೆ ಅಂತ ಅವಳು ಅಲ್ಲಿಂದಲೇ ತೀರ್ಪು ಕೊಟ್ಟಳು...

ಅಡುಗೆ ಮನೆ ಕಿಟಕಿಯಿಂದ ಒಳಗೆ ಬಂದಳು, ಮತ್ತೇನು...

ಮೂರನೇದೇ ಇದು. ಇದರ ಮೋಟಾರು ಪೆಡಲ್ ಹತ್ರಾನೇ ಇದೆ. ನಾವು ತುಳಿದ ಹಾಗೆ ಅದೂ ತುಳಿಯುತ್ತೆ, ಗೇರು ಬದಲಾಯಿಸಿದ್ರೆ ಅದಕ್ಕೂ ಹಗುರ ಆಗುತ್ತೆ. ಅದಕ್ಕೇ ಏರಲ್ಲಿ ಸೋಲಲ್ಲ. ಹ್ಯಾಂಡಲ್ ಮೇಲೆ ಒಂದು ಗುಂಡಿ. ಒತ್ತಿದ್ರೆ, ಹಿಂದೆ ನಮ್ಮ ಬಸ್ಸು ಕೆಸರಲ್ಲಿ ಹೂತಾಗ ಪ್ಯಾಸೆಂಜರ್ರೆಲ್ಲಾ ಇಳಿದು ತಳ್ತಿದ್ರಲ್ಲ, ಹಾಗೆ ಯಾರೋ ತಳ್ಳಿದ ಹಾಗಾಗುತ್ತೆ. ಇವರು ಮಾತ್ರ ಬೈಯಲ್ಲ...

ಬ್ರೇಕಾ? ಡಿಸ್ಕು. ಎರಡೂ ಚಕ್ರಕ್ಕೆ. ಅಂಗಡಿ ಹುಡುಗಿ ಹತ್ತೋ ವಿಷಯಾನೇ ಹೇಳ್ತಿದ್ದಳು, ನಾನು ಅಮ್ಮಾ, ಇಳಿಯೋದು ತೋರಿಸು ಅಂದೆ. ಟ್ಯಾಂಕಿನ ಇಳಿಜಾರಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಬೆರಳಲ್ಲಿ ಮುಟ್ಟಿದ್ರೆ ಸಾಕು, ಹಸು ಹಗ್ಗಕ್ಕೆ ನಿಂತ ಹಾಗೆ ನಿಲ್ಲುತ್ತೆ...

ಬ್ಯಾಟರಿ ಕಿತ್ತು ಒಳಗೆ ತಗೊಂಡು ಹೋಗಬಹುದು. ಅಡುಗೆ ಮನೇಲಿ ಚಾರ್ಜಿಗೆ ಹಾಕ್ತೀನಿ. ನಮ್ಮನೆಯವಳು ಈಗ ಅದಕ್ಕೇ ಮೊದಲು ಊಟ, ಆಮೇಲೆ ನನಗೆ...

ತೂಕ? ಹಾಂ, ಆ ಹುಡುಗೀನೂ ಅದನ್ನೇ ಕೇಳಿದಳು. ಹಿಂದೆ ಏನು ಹೇರ್ತೀರಿ ಅಂತ. ಒಬ್ಬ ಕಂಡಕ್ಟರನ್ನ ಅಂದೆ. ಕಣ್ಣು ಪಿಳಿಪಿಳಿ ಬಿಟ್ಟಳು. ನಿನ್ನ ತೂಕ ನನಗೇನು ಗೊತ್ತು? ಅಂದಾಜಿಗೆ ಈ ಗಿರಣಿಯಿಂದಾನೇ ಹಿಟ್ಟಿನ ಮೂಟೆ ತಂದು ಒಂದರ ಮೇಲೊಂದು ಕಟ್ಟಿದೆ. ಎರಡು...

ಯಾಕೆ, ಜಾಸ್ತಿ ಆಯ್ತಾ? ನಿನ್ನ ಹೊಟ್ಟೆ ಕಣ್ಮುಂದೆ ಇಟ್ಕೊಂಡೇ ಕಟ್ಟಿದ್ದು... ಸಿಟ್ಟಾಗಬೇಡ. ಸರಿ, ಒಂದೂವರೆ. ಆಯ್ತಾ?...

ಹತ್ತಿತು ಕಣಯ್ಯ. ಟ್ಯಾಂಕಿನ ಏರು, ಬಾಗಿದ ಮರದ ತಿರುವು, ಎಲ್ಲಾ ಹತ್ತಿತು. ಆ ಖುಷೀಲಿ ನಾನು ಹಿಂದೆ ತಿರುಗಿ ಮೂಟೆ ಹತ್ರ, ನೋಡಿದ್ಯಾ ಹೆಂಗೆ ಎತ್ಕೊಂಡು ಬಂದೆ ಅಂತ ಕೇಳಿದೆ... ಮೂಟೆ ನಿನಗಿಂತ ವಾಸಿ, ಎದುರು ಮಾತಾಡಲ್ಲ. ಆದ್ರೆ ಕೆಳಗಿನ ಮೂಟೆ ಚಕ್ರಕ್ಕೆ ಉಜ್ಜಿ ತೂತಾಗಿಬಿಟ್ಟಿತ್ತು. ಗುಡ್ಡದ ಬುಡದಿಂದ ಶೆಡ್ಡಿನ ಬಾಗಿಲವರೆಗೂ ಬೆಳ್ಳಗೆ ಒಂದು ಗೆರೆ...

ಇರು, ಮುಗೀಲಿಲ್ಲ. ಮಾರನೇ ಬೆಳಿಗ್ಗೆ ಪಾಪ, ಎಲ್ಲಿಂದಲೋ ಸೈಕಲ್ ರೇಸಿನ ಹುಡುಗರು ಬಂದಿದ್ದಾರೆ. ಮೈಗೆ ಅಂಟಿದ ಬಟ್ಟೆ, ತಲೆಗೆ ಟೋಪಿ. ತಮಗೆ ದಾರಿ ತೋರಿಸೋಕೆ ಯಾರೋ ಗೆರೆ ಎಳೆದಿದ್ದಾರೆ ಅಂದ್ಕೊಂಡು ಅದನ್ನೇ ಹಿಡ್ಕೊಂಡು ಹತ್ತಿ, ಏದುಸಿರು ಬಿಡ್ತಾ ನೆಟ್ಟಗೆ ನಮ್ಮ ಶೆಡ್ಡೊಳಗೆ ನುಗ್ಗಿದ್ರು. ಇದೇನಾ ಕೊನೆ ಅಂತ ಕೇಳಿದ್ರು. ಟೈಂ ಕೀಪರ್ ಗಡಿಯಾರ ನೋಡಿ ಎಲ್ಲಾ ಲೇಟು ಅಂದುಬಿಟ್ಟ...

ಇಲ್ಲ, ಟೀ ಕೊಟ್ಟು ಕಳಿಸಿದ್ವಿ...

ಅದೇ ಹುಡುಗರನ್ನ ಆಮೇಲೊಂದು ದಿನ ಹಿಂದೆ ಹಾಕಿದೆ. ಅವರು ಎದ್ದು ನಿಂತು ತುಳೀತಿದ್ದಾರೆ, ಬೆವರು ಹರೀತಿದೆ. ನಾನು ಚಪ್ಪಲಿ ಹಾಕ್ಕೊಂಡು, ಬಾಯಲ್ಲಿ ಒಂದು ಪೆಪ್ಪರಮಿಂಟು, ಟ್ರಿಣ್ ಅಂತ ಗಂಟೆ ಹೊಡೆದು ಪಕ್ಕದಲ್ಲೇ ಹೋದೆ. ಒಬ್ಬ ನನ್ನ ಕಾಲು ನೋಡಿದ. ಇನ್ನೊಬ್ಬ ಚಕ್ರ ನೋಡಿದ. ಪಾಪ ಅನ್ನಿಸ್ತು, ಆದ್ರೂ ಇನ್ನೊಂದ್ಸಲ ಗಂಟೆ ಹೊಡೆದೆ...

ಹೊಟ್ಟೆಕಿಚ್ಚಾ? ನಿನ್ನ ದನೀಲೇ ಗೊತ್ತಾಗುತ್ತೆ...

ಒಂದು ಹೇಳ್ಲಾ? ಬಾಗಿದ ಮರದ ತಿರುವಲ್ಲಿ ಕೆಳಗೆ ಒಂದು ತೊರೆ ಹರಿಯುತ್ತೆ ಕಣಯ್ಯ. ಸದ್ದು ಕೇಳಿಸುತ್ತೆ. ಇಷ್ಟು ವರ್ಷ ಆ ತಿರುವಲ್ಲಿ ಸ್ಟೇರಿಂಗ್ ತಿರುಗಿಸಿದ್ದೀನಿ, ಇಂಜಿನ್ ಸದ್ದು ಬಿಟ್ಟು ಬೇರೆ ಏನೂ ಕಿವಿಗೆ ಬಿದ್ದಿರಲಿಲ್ಲ. ಮೊನ್ನೆ ಸೈಕಲ್ ನಿಲ್ಲಿಸಿ ಸುಮ್ನೆ ಕೇಳ್ತಾ ನಿಂತಿದ್ದೆ...

ನಿನಗೆ ಗೊತ್ತಿತ್ತಾ?... ಮೊದಲಿಂದಲೂ?... ಹಾಂ. ಅದೂ ನಿಜವೇ. ಅಲ್ಲಿ ಒಂದೇ ಸಲಕ್ಕೆ ತಿರುಗದೆ ಗಾಡಿ ರಿವರ್ಸ್ ಹಾಕೋವಾಗೆಲ್ಲಾ ನೀನು ಇಳಿದು ಹಿಂದೆ ಹೋಗ್ತಿದ್ದೆ. ಬಸ್ಸಿನ ಮೈಗೆ ಕೈಯಲ್ಲಿ ಬಡಿದು ಬರಲಿ, ಬರಲಿ ಅಂತಿದ್ದೆ... ಒಂದ್ಸಲಾನೂ ಹೇಳಲಿಲ್ಲವಲ್ಲಯ್ಯ ನೀನು... ನಾನು ಕೇಳಲಿಲ್ಲ. ಸರಿ, ಒಪ್ಪಿದೆ...

ಏನಜ್ಜಿ?... ಇನ್ನೂ ಹೊರಡಲಿಲ್ಲ ಅಂತೀರಾ. ಕಂಡಕ್ಟರ್ ಹತ್ರ ಮಾತಾಡ್ತಿದ್ದೀನಿ... ಇಲ್ಲಿಲ್ಲ, ಫೋನಲ್ಲಿ ಇದ್ದಾನೆ... ಹಾಂ, ಹೇಳ್ತೀನಿ. ಕಂಡಕ್ಟರೇ, ಅಜ್ಜಿ ಇಳೀತಿದ್ದಾರೆ. ನೀನಿಲ್ದೆ ಈ ಡ್ರೈವರನ್ನ ನಂಬ್ಕೊಂಡು ಗಾಡಿ ಹತ್ತಲ್ವಂತೆ. ಎಲ್ಲಿ ಇಳಿಸಬೇಕು ಅಂತ ಇವನಿಗೆ ಯಾವತ್ತು ಗೊತ್ತಿತ್ತು, ನೆನಪು ಮಾಡಿ ಇಳಿಸ್ತಿದ್ದೋನು ಕಂಡಕ್ಟರ್ರು ಅಂತಿದ್ದಾರೆ... ನಿಧಾನ ಅಜ್ಜಿ, ಬುಟ್ಟಿ ಕೊಡಿ ಇಲ್ಲಿ... ಹೋದ್ರು ನೋಡು. ನನ್ನ ಮುಖ ಕೂಡ ನೋಡಲಿಲ್ಲ...

ನಗು, ನಗು. ಎರಡನೇ ಕೆನ್ನೆ ಒಣಗಿ ಹೋಗಿರುತ್ತೆ. ಬೇಗ ಮುಗಿಸ್ಕೊಂಡು ಅಂಗಡಿ ಮುಂದೆ ನಿಂತಿರು, ಬಂದೆ...

ಯಾಕೆ ಬರಲ್ಲ?...

ಹೊರೆ ಅಂತ ಯಾರಾದ್ರೂ ಅಂದ್ರಾ? ನಾನು ಅಂದ್ನಾ?... ಮತ್ತೆ?... ಮೂಟೆ ಥರ ಹಿಂದೆ ಕೂರಿಸ್ಕೊಂಡು ಹೋಗೋದು ಬೇಡ ಅಂತೀಯಾ. ತಮಾಷೆಗೆ ಹೇಳಿದ್ದು ಕಣಯ್ಯ ಮೂಟೆ ವಿಷಯ... ಊರೆಲ್ಲಾ ನೋಡುತ್ತೆ ಅಂದ್ರೆ ನೋಡಲಿ. ಮಂಡಿ ಹೋದೋನು ಅಂತ ಯಾರು ಅಂತಾರೆ? ಅಂದೋರಿಗೆ ಬ್ರೇಕ್ ಹಿಡಿದು ಉತ್ತರ ಕೊಟ್ಟೇ ಮುಂದೆ ಹೋಗ್ತೀನಿ...

ಫೋನು ಅವನಿಗೆ ವಾಪಸ್ ಕೊಡಬೇಡ, ಇರು. ಕೇಳು ಇಲ್ಲಿ...

ಸರಿ, ನಿಜ ಹೇಳ್ತೀನಿ. ನೀನಿಲ್ದೆ ಅಲ್ಲಿ ಕೂರೋಕೆ ನನಗೆ ಆಗ್ತಿಲ್ಲ. ಟೀ ರುಚಿಸಲ್ಲ. ಅವರೆಲ್ಲಾ ಮಾತಾಡ್ತಾರೆ, ನಾನು ಆ ಖಾಲಿ ಸೀಟು ನೋಡ್ಕೊಂಡು ಕೂತಿರ್ತೀನಿ. ನಗೋವಂಥದ್ದು ಯಾರಾದ್ರೂ ಹೇಳಿದ್ರೆ ನಿನ್ನ ಕಡೆ ತಿರುಗ್ತೀನಿ, ಅಲ್ಲಿ ನೀನಿರಲ್ಲ. ಹೆಂಡತಿ ಹತ್ರಾನೂ ಹೀಗೆ ಬಾಯಿ ಬಿಟ್ಟು ಹೇಳಿಲ್ಲ ನಾನು. ಗಿರಣಿಯವನು ಬೇರೆ ಈ ಕಡೇನೇ ನೋಡ್ತಿದ್ದಾನೆ...

ಹಾಂ?... ಡಾಕ್ಟರ್ ಏನಂದ್ರು?... ನಡೆದು ಹತ್ತಬಾರದು, ಸರಿ... ಹಗುರವಾಗಿ ಸೈಕಲ್ ತುಳಿದ್ರೆ ಮಂಡಿಗೆ ಒಳ್ಳೇದಾ? ಯಾವಾಗ ಹೇಳಿದ್ರು?... ಹೋದ ತಿಂಗಳೇನಾ? ಇಷ್ಟು ದಿನ ಯಾಕೆ ಬಾಯಿ ಮುಚ್ಕೊಂಡಿದ್ದೆ?...

ಈ ಗುಡ್ಡದಲ್ಲಿ ಹಗುರವಾಗಿ ತುಳಿಯೋ ಸೈಕಲ್ ಎಲ್ಲಿ ಸಿಗುತ್ತೆ ಅಂದ್ಕೊಂಡಿದ್ಯಾ. ಸಿಕ್ತಲ್ಲಯ್ಯ. ಇಲ್ಲೇ ನನ್ನ ಕಾಲ ಕೆಳಗೇ ಇದೆ. ಇದನ್ನ ತುಳಿಯೋದು ಅಂದ್ರೆ ಬೆಣ್ಣೇಲಿ ಕಾಲಾಡಿಸಿದ ಹಾಗೆ. ನೀನು... ಇರು. ಏನು ಹೇಳ್ತಿದ್ದೀಯಾ ನೀನು?...

ಯಾರು ಓಡಿಸೋದು?...

ಇನ್ನೊಂದ್ಸಲ ಹೇಳು, ಗಿರಣಿ ಸದ್ದು... ಇಲ್ಲ, ಕೇಳಿಸ್ತು. ಸರಿಯಾಗೇ ಕೇಳಿಸ್ತು...

ನೀನು ಮುಂದೆ. ನಾನು ಹಿಂದೆ...

ಇಲ್ಲ ಕಣಯ್ಯ, ಅದು ಹೆಂಗಾಗುತ್ತೆ? ಬೇರೆ ಏನು ಬೇಕಾದ್ರೂ ಕೇಳು... ನನಗೆ ತಲೆ ತಿರುಗುತ್ತೆ. ನಿಜವಾಗ್ಲೂ. ಮಗಳ ಕಾರಲ್ಲಿ ಹೋಗೋವಾಗಲೂ ಇಲ್ಲದ ಬ್ರೇಕು ಒತ್ತಿ ಒತ್ತಿ ಕಾಲಿನ ಮುಂದಿನ ಮ್ಯಾಟು ಹರಿದು ಹಾಕಿದ್ದೀನಿ. ಅವಳು ಈಗ ನನ್ನನ್ನ ಹತ್ತಿಸ್ಕೊಳ್ಳೋದೇ ಇಲ್ಲ... ನಿನಗೆ ಸೈಕಲ್ ಬರುತ್ತೆ, ಇಲ್ಲ ಅಂದ್ನಾ? ಮೊದಲ ಬಸ್ಸಿಗೆ ಡಿಪೋಗೆ ಸೈಕಲ್ಲಲ್ಲೇ ಬರ್ತಿದ್ದೆ, ನೆನಪಿದೆ. ವಿಷಯ ಅದಲ್ಲ...

ಏನು ವಿಷಯ ಅಂದ್ರೆ... ಏನೂ ಇಲ್ಲ...

ಹೌದು. ಒಂದ್ಸಲಾನೂ ಸ್ಟೇರಿಂಗ್ ಮುಟ್ಟೋಕೆ ಬಿಟ್ಟಿಲ್ಲ ನಿನ್ನ. ಡಿಪೋ ಒಳಗೆ ತೊಳೆಯೋಕೆ ನಿಲ್ಲಿಸೋವಾಗಲೂ ಬಿಟ್ಟಿಲ್ಲ. ರೂಲ್ಸು ಅಂತಿದ್ದೆ. ಇದಕ್ಕೆ ರೂಲ್ಸು ಇಲ್ಲ, ಗೊತ್ತು...

ಕಾಯ್ತಿದ್ದೀಯಾ?... ಯೋಚನೆ ಮಾಡ್ತಿದ್ದೀನಿ, ಅವಸರ ಮಾಡಬೇಡ... ಇಳಿಜಾರಲ್ಲಿ ಮುಂದಿನ ಬ್ರೇಕ್ ಒಂದನ್ನೇ ಹಿಡೀಬಾರದು, ಗೊತ್ತಾ? ಎರಡೂ ಸೇರಿಸಿ, ಮೆಲ್ಲಗೆ... ತಿರುವಿಗೆ ಮುಂಚೆನೇ ಗೇರು ಇಳಿಸ್ಕೋಬೇಕು, ಏರಲ್ಲಿ ನಿಂತ್ಮೇಲಲ್ಲ... ಟ್ಯಾಂಕಿನ ಹತ್ರ ಗುಂಡಿ ಒತ್ತು ಅಂತ ನಾನು ಹೇಳ್ತೀನಿ, ನೀನು... ಇಲ್ಲ. ಹೇಳಲ್ಲ. ಬಾಯಿಗೆ ಬೀಗ ಹಾಕ್ಕೊಂಡು ಕೂತಿರ್ತೀನಿ...

ಅಂದ್ರೆ ಒಪ್ಪಿದ ಹಾಗೇ ಕಣಯ್ಯ, ಬಾಯಿಬಿಟ್ಟು ಬೇರೆ ಹೇಳಬೇಕಾ?... ಸರಿ. ನೀನು ಓಡಿಸು. ನಾನು ಹಿಂದೆ ಕೂರ್ತೀನಿ. ಆಯ್ತಾ? ಸಮಾಧಾನ ಆಯ್ತಾ?...

ಈಗ ಯಾಕೆ ದನಿ ಹಾಗಾಯ್ತು? ಸೋಪು ಕಣ್ಣಿಗೆ ಹೋಯ್ತಾ?... ಹಾಂ. ಒರೆಸ್ಕೋ, ಒರೆಸ್ಕೋ. ನನಗೂ ಇಲ್ಲಿ ಹಿಟ್ಟಿನ ಧೂಳು...

ಇನ್ನೊಂದು ಕೇಳಬೇಕಿತ್ತು. ನಗಬೇಡ. ಹಿಂದೆ ಕೂತೋರು ಎಲ್ಲಿ ಹಿಡ್ಕೋತಾರೆ?... ಅಲ್ಲಯ್ಯ, ನನಗೆ ಹೆಂಗೆ ಗೊತ್ತಿರುತ್ತೆ, ನನ್ನ ಕೈ ಸ್ಟೇರಿಂಗ್ ಬಿಟ್ಟು ಬೇರೆ ಎಲ್ಲಿತ್ತು? ಕ್ಯಾರಿಯರ್ ಕಂಬಿ ಹಿಡ್ಕೊಂಡ್ರೆ ಸಾಕಾ?... ಏರಲ್ಲಿ ಸಾಲಲ್ವಾ?... ನಿನ್ನ ಭುಜಾನಾ?...

ಎರಡೂ ಕೈಯಲ್ಲಾ?... ಆಯ್ತು. ಗಟ್ಟಿಯಾಗಿ ಹಿಡ್ಕೋತೀನಿ. ಇಳಿ ಅಂದ್ರೂ ಬಿಡಲ್ಲ, ನೋಡ್ತಿರು... ಹಲೋ?... ಕಂಡಕ್ಟರೇ?... ಹಲೋ... ಕಟ್ ಮಾಡ್ಬಿಟ್ಟ, ಇನ್ನೊಂದು ಕೆನ್ನೆ ಮುಗಿಸ್ಕೊಳ್ಳೋಕೆ ಕೂತಿರ್ತಾನೆ.